ಸಹಾಯ ಬೇಕು: ಅಜ್ಜನ ಮೇಜಿನ ಕಪ್ಪು ಕಲೆ ತೆಗೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಜ್ಜ ಬರೆಯುತ್ತಿದ್ದ ಮರದ ಮೇಜಿಗೆ ನಾನೇ ಹೊಸದಾಗಿ ಪಾಲಿಶ್ ಮಾಡುತ್ತಿದ್ದೇನೆ. ಅರ್ಧಕ್ಕೆ ಬಂದು ಕೈ ನಿಂತಿದೆ.

ಹಳೇ ಪಾಲಿಶ್ ಯಾವುದೆಂದು ತಿಳಿಯಲು ಮೊದಲು ಕಾಲಿನ ಒಳಬದಿಗೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿದೆ. ಸ್ವಲ್ಪ ಹೊತ್ತಿಗೇ ಅಂಟಂಟಾಯಿತು, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅಂದರೆ ಅರಗಿನ ಪಾಲಿಶ್. ಮೇಲಿನ ಹಲಗೆಯದ್ದನ್ನೂ ಸ್ಪಿರಿಟ್‌ನಲ್ಲೇ ತೆಗೆದೆ. ಆಮೇಲೆ 120, 180ರ ಸ್ಯಾಂಡ್ ಪೇಪರ್‌ನಿಂದ ಮರದ ಎಳೆಯ ಉದ್ದಕ್ಕೇ ಉಜ್ಜಿದೆ.

ತೊಂದರೆ ಇರೋದು ಒಂದು ಮೂಲೆಯಲ್ಲಿ. ಕಬ್ಬಿಣದ ಮೊಳೆಯ ಸುತ್ತ ನೀಲಿಗಪ್ಪು ಕಲೆ ಇಳಿದಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಜಾಸ್ತಿ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ. ಒದ್ದೆಯಾದ ಕಬ್ಬಿಣ ಮರದ ಒಗರಿನ ಜೊತೆ ಸೇರಿ ಹೀಗಾಗುತ್ತದೆ, ಅದಕ್ಕೆ ಆಕ್ಸಾಲಿಕ್ ಆಮ್ಲ ಹಚ್ಚಬೇಕು ಅಂತ ಓದಿದೆ. ಅದು ವಿಷ, ಕೈಗವಸು, ಮಾಸ್ಕ್ ಬೇಕೇಬೇಕು ಅನ್ನೋದು ಗೊತ್ತು. ಕಲೆಗೆ ಮಾತ್ರ ಹಚ್ಚಿದರೆ ಅಷ್ಟೇ ಜಾಗ ಬಿಳಿಚಿಕೊಳ್ಳುತ್ತದಾ? ಇಡೀ ಹಲಗೆಗೇ ಹಚ್ಚಬೇಕಾ? ಎಷ್ಟು ಸಲ ತೊಳೆಯಬೇಕು?

ಇನ್ನೊಂದು. ಮುಂದಿನ ಅಂಚಿನಲ್ಲಿ ಅಜ್ಜನ ಮಣಿಕಟ್ಟು ಊರಿ ಊರಿ ಮರ ನುಣ್ಣಗೆ ಸವೆದಿದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಅದನ್ನು ಮಾತ್ರ ಮಟ್ಟ ಮಾಡಲ್ಲ.

ಕೊನೆಗೆ ಮತ್ತೆ ಅರಗೇ ಹಚ್ಚೋ ಆಸೆ. ಆದರೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಥರದ ವಾರ್ನಿಷ್ ಗಟ್ಟಿ, ಆದರೆ ಆ ಹಳೇ ಹೊಳಪು ಬರುತ್ತದಾ? ಎರಡನ್ನೂ ಬಳಸಿದವರು ಇದ್ದರೆ ದಯವಿಟ್ಟು ತಿಳಿಸಿ.