ಫ್ರೀಬಿಎಸ್‌ಡಿಯಲ್ಲಿ ಎನ್‌ವಿಡಿಯಾ ಕಾರ್ಡ್ ಕಾಣಿಸುತ್ತೆ, ಕುಡಾ ಮಾತ್ರ ಇಲ್ಲ. ಏನು ಮಾಡೋದು?

ಶಿರಸಿ_ಹುಡುಗ:
ನಮಸ್ಕಾರ. ಮನೆ ಪಿಸಿಯಲ್ಲಿ ಫ್ರೀಬಿಎಸ್‌ಡಿ 14 ಇದೆ, ಲಿನಕ್ಸಿನ ಹಾಗೆ ಯುನಿಕ್ಸ್ ಥರದ ಆಪರೇಟಿಂಗ್ ಸಿಸ್ಟಮ್. ಅಪ್ಪ ರೆಕಾರ್ಡ್ ಮಾಡಿಟ್ಟ ತಾಳಮದ್ದಲೆ ಕ್ಯಾಸೆಟ್‌ಗಳೆಲ್ಲ ಈಗ ಅದರ ಝಡ್‌ಎಫ್‌ಎಸ್ (ಫೈಲ್ ಸಿಸ್ಟಮ್) ಡಿಸ್ಕಿನಲ್ಲಿವೆ. ಕಾರ್ಡು ಜಿಟಿಎಕ್ಸ್ 1660 ಸೂಪರ್, 6 ಜಿಬಿ. ಡ್ರೈವರ್ ಹಾಕಿದೆ, ಡೆಸ್ಕ್‌ಟಾಪ್ ಚೆನ್ನಾಗಿ ಓಡ್ತಿದೆ, ಎನ್‌ವಿಡಿಯಾ-ಎಸ್‌ಎಮ್‌ಐ ಕಮಾಂಡ್ ಕಾರ್ಡಿನ ಹೆಸರನ್ನೂ ತೋರಿಸುತ್ತೆ. ಅರ್ಥಗಾರಿಕೆಯನ್ನು ವಿಸ್ಪರ್ ಎಂಬ ಎಐ ಮಾಡೆಲ್‌ನಿಂದ ಬರಹಕ್ಕಿಳಿಸೋಣ ಅಂತ ಹೊರಟರೆ, ಅದನ್ನು ಓಡಿಸೋ ಪೈಟಾರ್ಚ್ ಲೈಬ್ರರಿ ‘ಕುಡಾ ಇಲ್ಲ’ ಅನ್ನುತ್ತೆ (ಕುಡಾ ಅಂದರೆ ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕಾಚಾರ ಮಾಡಿಸೋ ತಂತ್ರಾಂಶ). ಡ್ರೈವರ್ ಇದ್ದೂ ಯಾಕೆ ಹೀಗೆ?

ಕೀಲಿಮಣೆ:
ಉಬುಂಟು ಹಾಕಿ, ಮುಗೀತು. ಝಡ್‌ಎಫ್‌ಎಸ್ ಅಲ್ಲೂ ಇದೆ.

ಪುತ್ತೂರಿನ_ಅಡ್ಮಿನ್:
ಉಬುಂಟು ಆಗ್ತದೆ ಮಾರಾಯ್ರೆ, ಆದರೆ ಅವರು ಕೇಳಿದ್ದು ಅದಲ್ಲವಲ್ಲ.

ಎನ್‌ವಿಡಿಯಾ ಫ್ರೀಬಿಎಸ್‌ಡಿಗೆ ಕೊಡುವ ಡ್ರೈವರ್‌ನಲ್ಲಿ ಓಪನ್‌ಜಿಎಲ್, ವಲ್ಕನ್ ಎಂಬ ಗ್ರಾಫಿಕ್ಸ್ ಇಂಟರ್‌ಫೇಸ್ ಎರಡೂ ಉಂಟು. ಕುಡಾಕ್ಕೆ ಬೇಕಾದ ಯುವಿಎಮ್ ಎಂಬ ಕರ್ನಲ್ ಮಾಡ್ಯೂಲ್ ಇಲ್ಲ. ಸಿಪಿಯು, ಜಿಪಿಯು ನಡುವೆ ಮೆಮೊರಿ ಹಂಚಿಕೆ ನೋಡಿಕೊಳ್ಳುವುದು ಅದು. ಕುಡಾ ಟೂಲ್‌ಕಿಟ್ ಕೂಡ ಲಿನಕ್ಸ್, ವಿಂಡೋಸ್‌ಗೆ ಮಾತ್ರ. ಮ್ಯಾಕ್‌ಗೂ 10.2ಕ್ಕೇ ನಿಂತಿತು. ಹಾಗಾಗಿ ನೀವು ಹಾಕಿದ ಪೈಟಾರ್ಚ್ ಸಿಪಿಯುವಿನಲ್ಲೇ ಓಡುವಂಥದ್ದು.

ಲಿನಕ್ಸ್ ಪ್ರೋಗ್ರಾಮುಗಳನ್ನು ಫ್ರೀಬಿಎಸ್‌ಡಿಯಲ್ಲಿ ಓಡಿಸುವ ಲಿನಕ್ಸುಲೇಟರ್‌ನಲ್ಲಿ ಲಿನಕ್ಸಿನ ಕುಡಾ ಲೈಬ್ರರಿಯನ್ನೇ ಓಡಿಸಿ, ಯುವಿಎಮ್ ಇದೆ ಅಂತ ಶಿಮ್ ಎಂಬ ನಡುವಣ ಚಿಕ್ಕ ಕೋಡಿನಿಂದ ಅದನ್ನು ನಂಬಿಸುವವರಿದ್ದಾರೆ. ಓಡ್ತದೆ. ಆದರೆ ಪ್ರತಿ ಡ್ರೈವರ್ ಅಪ್‌ಡೇಟ್‌ಗೂ ಎದೆ ಡವಡವ. ನಾನಂತೂ ಆ ಗೋಜಿಗೆ ಹೋಗುವವನಲ್ಲ.

ನಿಮ್ಮ ಕೆಲಸಕ್ಕೆ ಕುಡಾ ಬೇಡವೇ ಬೇಡ. ವಿಸ್ಪರನ್ನೇ ಓಡಿಸುವ ವಿಸ್ಪರ್ ಡಾಟ್ ಸಿಪಿಪಿ ಎಂಬ ಪ್ರೋಗ್ರಾಮಿಗೆ ವಲ್ಕನ್ ಬ್ಯಾಕೆಂಡ್ ಉಂಟು, ಕುಡಾ ಇಲ್ಲದೆಯೇ ಜಿಪಿಯುವಿನಲ್ಲಿ ಓಡ್ತದೆ. ವಲ್ಕನ್ ಹೆಡರ್, ಲೋಡರ್, ಶೇಡರ್ ಕಂಪೈಲರ್‌ಗೆ ಶೇಡರ್‌ಸಿ, ಇಷ್ಟು ಪ್ಯಾಕೇಜ್ ಹಾಕಿ, ಸಿಮೇಕ್‌ನಲ್ಲಿ (ಬಿಲ್ಡ್ ಸಾಧನ) ಜಿಜಿಎಮ್‌ಎಲ್ ವಲ್ಕನ್ ಆಯ್ಕೆ ಆನ್ ಮಾಡಿ ಬಿಲ್ಡ್ ಮಾಡಿ. ಲಾರ್ಜ್ ಮಾಡೆಲ್ ಫೈಲ್ ಸುಮಾರು 3 ಜಿಬಿ, 6ರಲ್ಲಿ ಹಿಡಿಸ್ತದೆ. ಆಡಿಯೊವನ್ನು ಮೊದಲೇ ಎಫ್‌ಎಫ್‌ಎಮ್‌ಪೆಗ್‌ನಲ್ಲಿ 16 ಕಿಲೋಹರ್ಟ್ಸ್ ಮೊನೊ ಮಾಡಿಕೊಳ್ಳಿ.

ಬಿಸಿಬೇಳೆ:
ನನ್ನದು ಎಎಮ್‌ಡಿಯ ರೇಡಿಯಾನ್ ಕಾರ್ಡ್. ಕುಡಾದ ಬದಲು ಎಎಮ್‌ಡಿ ಕೊಡುವ ಆರ್‌ಒಸಿಎಮ್ ಓಡುತ್ತಾ?

ಪುತ್ತೂರಿನ_ಅಡ್ಮಿನ್:
ಇಲ್ಲ. ಲಿನಕ್ಸಿನ ಎಎಮ್‌ಡಿಜಿಪಿಯು ಡ್ರೈವರ್ ಡಿಆರ್‌ಎಮ್-ಕೆಮೋಡ್ ಎಂಬ ಪ್ಯಾಕೇಜ್ ಮೂಲಕ ಫ್ರೀಬಿಎಸ್‌ಡಿಗೆ ಬರ್ತದೆ, ಆರ್‌ಒಸಿಎಮ್ ಆತುಕೊಂಡಿರುವ ಕೆಎಫ್‌ಡಿ ಭಾಗ ಬರುವುದಿಲ್ಲ. ನಿಮಗೂ ವಲ್ಕನ್ನೇ ಗತಿ, ಅದಕ್ಕೆ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಲೈಬ್ರರಿಯ ರಾಡ್‌ವಿ ಗಟ್ಟಿ ಡ್ರೈವರ್. ಓಪನ್‌ಬಿಎಸ್‌ಡಿಗೆ ಹೋಗುವ ಯೋಚನೆ ಇದ್ದರೆ ರೇಡಿಯಾನೇ ಇಟ್ಟುಕೊಳ್ಳಿ, ಅಲ್ಲಿ ಎನ್‌ವಿಡಿಯಾಕ್ಕೆ ಆಕ್ಸಿಲರೇಶನ್ನೇ ಇಲ್ಲ.

ಶಿರಸಿ_ಹುಡುಗ:
ಬಿಲ್ಡ್ ಆಯ್ತು, ಲಾಗ್‌ನಲ್ಲಿ ವಲ್ಕನ್ ಅಂತ ಕಾರ್ಡ್ ಬಂತು! ವೇಗಕ್ಕೆ ಎರಡು ಮಾತಿಲ್ಲ. ಆದರೆ ಭಾಗವತರು ಪದ ಎತ್ತಿದ ಕೂಡಲೇ ಒಂದೇ ಸಾಲು ಹತ್ತಾರು ಸಲ ಬರುತ್ತೆ. ‘ಕೌರವೇಶ್ವರ’ ಏನೇನೋ ಆಗಿದೆ.

ಪುತ್ತೂರಿನ_ಅಡ್ಮಿನ್:
ಅದು ಜಿಪಿಯು ತಪ್ಪಲ್ಲ. ಸಂಗೀತ ಬಂದರೆ ವಿಸ್ಪರ್ ಹಾಗೇ ತಡವರಿಸ್ತದೆ, ಕನ್ನಡದಲ್ಲಂತೂ ಅದು ಮೊದಲೇ ಹಿಂದೆ. ಮಾತು ಇರುವ ಭಾಗ ಮಾತ್ರ ಹುಡುಕುವ ವಿಎಡಿ ಆಯ್ಕೆ ಉಂಟು, ಆದರೆ ಹಾಡನ್ನೂ ಮಾತು ಅಂದುಕೊಳ್ಳಬಹುದು. ಆಡಾಸಿಟಿಯಲ್ಲಿ ಪದದ ಭಾಗ ಕತ್ತರಿಸಿ, ಅರ್ಥ ಮಾತ್ರ ಕೊಡಿ. ಹೆಸರುಗಳನ್ನು ಪ್ರಾಂಪ್ಟ್‌ನಲ್ಲಿ ಮೊದಲೇ ಬರೆದು ನೋಡಿ: ಕೌರವ, ಕೃಷ್ಣ, ವಿದುರ. ಪ್ರಸಂಗ ಯಾವುದು ಅಂತ ಹೇಳಲೇ ಇಲ್ಲ ನೀವು?

ಶಿರಸಿ_ಹುಡುಗ:
ಕೃಷ್ಣಸಂಧಾನ.