ಬಿಗ್ ಟೆನ್ 2025: ಈ ಸಲ ಪೆನ್ ಸ್ಟೇಟ್ ಅಂತ ನನ್ನ ಲೆಕ್ಕ, ನಿಮ್ಮದು ಹೇಳಿ

ಹಾಸನದವ, ಪಿಟ್ಸ್‌ಬರ್ಗ್
19 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಬಿಗ್ ಟೆನ್ ಅಂದರೆ ಅಮೆರಿಕನ್ ಕಾಲೇಜ್ ಫುಟ್‌ಬಾಲ್‌ನಲ್ಲಿ 18 ವಿಶ್ವವಿದ್ಯಾಲಯಗಳ ಲೀಗ್. ನಮ್ಮ ಪೆನ್ ಸ್ಟೇಟ್‌ನ ಮೊದಲ ಮ್ಯಾಚಿಗೆ ಇನ್ನು ಹನ್ನೊಂದೇ ದಿನ. ಕಳೆದ ವಾರ ಎಪಿ ಪಟ್ಟಿ ಬಂತು, ಪತ್ರಕರ್ತರು ಮತ ಹಾಕಿ ದೇಶದ ತಂಡಗಳಿಗೆ ಸ್ಥಾನ ಕೊಡುವ ಪಟ್ಟಿ. ಟೆಕ್ಸಸ್ ಒಂದು, ಪೆನ್ ಸ್ಟೇಟ್ ಎರಡು, ಓಹಾಯೋ ಸ್ಟೇಟ್ ಮೂರು. ನಮ್ಮ ಬಿಗ್ ಟೆನ್‌ನಿಂದ ಆಮೇಲೆ ಆರೆಗಾನ್ 7, ಇಲಿನಾಯ್ 12, ಮಿಷಿಗನ್ 14, ಇಂಡಿಯಾನಾ 20. ಪಟ್ಟಿ ನೋಡಿದಾಗಿನಿಂದ ನನಗೆ ಒಂದೇ ಯೋಚನೆ. ಈ ಸಲ ಪೆನ್ ಸ್ಟೇಟ್ ಗೆಲ್ಲುತ್ತದೆ ಅಂತ ನಾನು ನಂಬಿದ್ದೇನೆ. ಆದರೆ ಇದು ಅಭಿಮಾನದ ಮಾತೋ, ಲೆಕ್ಕದ ಮಾತೋ, ಬೇರೆ ಊರಿನವರು ನೋಡಿ ಹೇಳಬೇಕು. ಅದಕ್ಕೇ ಕೇಳುತ್ತಿದ್ದೇನೆ.

ನಾನು 2009ರಲ್ಲಿ ಎಂ.ಎಸ್. ಓದೋಕೆ ಪೆನ್ ಸ್ಟೇಟ್ ಇರುವ ಊರು ಸ್ಟೇಟ್ ಕಾಲೇಜಿಗೆ ಬಂದೆ. ಬಂದ ಎರಡನೇ ತಿಂಗಳಲ್ಲೇ ರೂಮ್‌ಮೇಟ್ ಬಿಳಿ ಅಂಗಿ ಹಾಕಿಸಿ ಅಯೋವಾ ಮ್ಯಾಚಿಗೆ ಎಳೆದುಕೊಂಡು ಹೋದ. ರಾತ್ರಿ ಆಟ, ಮಳೆ, ಲಕ್ಷಕ್ಕೂ ಜಾಸ್ತಿ ಜನ ಬಿಳಿ ಬಟ್ಟೆಯಲ್ಲಿ. ನಿಯಮ ಒಂದೂ ಗೊತ್ತಿರಲಿಲ್ಲ. ನಾವು ದೂರಕ್ಕೆ ಒದ್ದ (ಪಂಟ್ ಮಾಡಿದ) ಚೆಂಡನ್ನು ಅವರು ತಡೆದು ಎತ್ತಿಕೊಂಡು ಓಡಿದರು, ಅಷ್ಟು ಮಾತ್ರ ಅರ್ಥವಾಯಿತು. 21-10ಕ್ಕೆ ಸೋತೆವು. ಆವತ್ತಿನಿಂದ ನಾನು ಈ ತಂಡದವನು.

ಈ ಸಲ ಯಾಕೆ ನಂಬಿಕೆ? ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್, ಓಡುವವರು ನಿಕ್ ಸಿಂಗಲ್ಟನ್ ಮತ್ತು ಕೇಟ್ರನ್ ಆಲನ್. ಮೂವರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು, ಹೋಗಲಿಲ್ಲ, ಉಳಿದರು. ಕಳೆದ ವರ್ಷ ಸಿಂಗಲ್ಟನ್, ಆಲನ್ ಇಬ್ಬರೂ ಸಾವಿರ ಯಾರ್ಡ್ ದಾಟಿದ್ದರು. ಇನ್ನು ಡಿಫೆನ್ಸ್ ಕೋಚ್ ಜಿಮ್ ನೋಲ್ಸ್. ಓಹಾಯೋ ಸ್ಟೇಟ್ ಜನವರಿಯಲ್ಲಿ ನೋಟರ್ ಡೇಮ್ ಮೇಲೆ 34-23ಕ್ಕೆ ಗೆದ್ದು ದೇಶಕ್ಕೇ ಚಾಂಪಿಯನ್ ಆಯಿತಲ್ಲ, ಆ ಡಿಫೆನ್ಸ್ ಕಟ್ಟಿದವರು ಇವರೇ. ಈಗ ನಮ್ಮಲ್ಲಿದ್ದಾರೆ. ಟೈಲರ್ ವಾರನ್, ಅಬ್ದುಲ್ ಕಾರ್ಟರ್ ಎನ್‌ಎಫ್‌ಎಲ್‌ಗೆ ಹೋದರು, ಅದು ದೊಡ್ಡ ನಷ್ಟ. ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳ ಕಡೆಯೇ ನಮ್ಮ ನೋವಿರೋದು. ಆರೆಂಜ್ ಬೌಲ್‌ನಲ್ಲಿ, ಅಂದರೆ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್‌ನ ಸೆಮಿಫೈನಲ್‌ನಲ್ಲಿ, ವೈಡ್ ರಿಸೀವರ್ ಒಬ್ಬನೂ ಒಂದು ಚೆಂಡೂ ಹಿಡಿಯಲಿಲ್ಲ. ಅದಕ್ಕೇ ಈ ಸಲ ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಮೂವರನ್ನು ತಂದಿದ್ದಾರೆ. ಟ್ರಾಯ್, ಯುಎಸ್‌ಸಿ, ಸಿರಾಕ್ಯೂಸ್‌ನಿಂದ.

ಒಂದು ವಿಷಯ ಹೇಳಲೇಬೇಕು. ಕಳೆದ ನವೆಂಬರ್ 2ರಂದು ನಾನು ಸ್ಟೇಡಿಯಮ್ಮಿನಲ್ಲಿದ್ದೆ. ಮಧ್ಯಾಹ್ನದ ಆಟ. ಬೆಳಿಗ್ಗೆ ಹುಲ್ಲಿನ ಮೇಲೆ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ತಿಂದು ಒಳಗೆ ಹೋಗಿದ್ದೆವು. ಓಹಾಯೋ ಸ್ಟೇಟ್ 20, ನಾವು 13. ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡು ಅವರ 3 ಯಾರ್ಡ್ ಗೆರೆಗೆ ಬಂತು. ಬರೀ ಒಂಬತ್ತು ಅಡಿ. ನಾಲ್ಕು ಅವಕಾಶ. ಒಂದು ಸಲ ಓಡಿದರು, ಆಗಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಮೂರೂ ಸಲ ಅದೇ ಗೋಡೆಗೆ ಹೋಗಿ ಬಿದ್ದ ಹಾಗೆ. ನಾಲ್ಕನೆಯದು ಎಸೆದರು, ಕೈಗೆ ಸಿಗಲಿಲ್ಲ. ಆಮೇಲೆ ಐದು ನಿಮಿಷಕ್ಕೂ ಜಾಸ್ತಿ ಹೊತ್ತು ಅವರು ಚೆಂಡನ್ನು ನಮಗೆ ಕೊಡಲೇ ಇಲ್ಲ, ಗಡಿಯಾರ ಮುಗಿಯುವ ತನಕ. ಪಕ್ಕದಲ್ಲಿ ಕೂತಿದ್ದ ಅಜ್ಜ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೆಳಗೆ ನೋಡುತ್ತಾ ಕೂತುಬಿಟ್ಟರು. ಅಲ್ಯೂಮಿನಿಯಂ ಬೆಂಚಿನ ತಣ್ಣಗೆ ಆಗಲೇ ಗೊತ್ತಾಗಿದ್ದು.

ನನ್ನ ಪಟ್ಟಿ: ಪೆನ್ ಸ್ಟೇಟ್, ಓಹಾಯೋ ಸ್ಟೇಟ್, ಆರೆಗಾನ್, ಮಿಷಿಗನ್, ಇಲಿನಾಯ್, ಇಂಡಿಯಾನಾ. ಎಲ್ಲಿ ತಪ್ಪಿದ್ದೇನೆ ಹೇಳಿ.

ಕೊಲಂಬಸ್ ಅಕ್ಕ
19 ಆಗಸ್ಟ್

ತಮ್ಮಾ, ನಿನ್ನ ಒಂಬತ್ತು ಅಡಿ ಓದಿ ನನಗೇ ಬೇಜಾರಾಯಿತು. ನಾವು ಆವತ್ತು ಮನೆಯಲ್ಲಿ ನೋಡುತ್ತಿದ್ದೆವು, ನನ್ನ ಮಗ ಸೋಫಾ ಮೇಲೆ ನಿಂತುಬಿಟ್ಟಿದ್ದ.

ಆದರೆ ಲೆಕ್ಕ ಕೇಳಿದ್ದೀಯ, ಲೆಕ್ಕವೇ ಹೇಳುತ್ತೇನೆ. ನಿಮ್ಮ ಕೋಚ್ ಜೇಮ್ಸ್ ಫ್ರ್ಯಾಂಕ್ಲಿನ್ 2014ರಿಂದ ನಮ್ಮ ಓಹಾಯೋ ಸ್ಟೇಟ್ ಮೇಲೆ ಹನ್ನೊಂದು ಸಲ ಆಡಿದ್ದಾರೆ. ಗೆದ್ದಿದ್ದು ಒಂದು, 2016ರಲ್ಲಿ, ಅದೂ ನಾವು ಗೋಲಿಗೆ ಒದ್ದ ಚೆಂಡನ್ನು (ಫೀಲ್ಡ್ ಗೋಲ್) ತಡೆದು ಓಡಿ. ಈ ಸಲ ನವೆಂಬರ್ 1ಕ್ಕೆ ನೀವು ಕೊಲಂಬಸ್‌ಗೆ ಬರಬೇಕು. ಆಟಗಾರರು ಒಳ್ಳೆಯವರು, ಇಲ್ಲ ಅನ್ನಲ್ಲ. ಆದರೆ ಮೂರು ಯಾರ್ಡ್ ಬೇಕಾದಾಗ ಸಿಗದೇ ಇರೋದು ಒಂದು ದಿನದ ಕಾಯಿಲೆ ಅಲ್ಲ.

ನಮ್ಮ ಕಷ್ಟವೂ ಇದೆ. ಏಪ್ರಿಲ್‌ನಲ್ಲಿ ಒಂದೇ ಡ್ರಾಫ್ಟಿನಲ್ಲಿ, ಅಂದರೆ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ, 14 ಹುಡುಗರು ಹೋದರು. ನೋಲ್ಸ್ ನಿಮ್ಮಲ್ಲಿಗೆ ಬಂದರು, ಅವರ ಜಾಗಕ್ಕೆ ಮ್ಯಾಟ್ ಪಟ್ರಿಷಿಯಾ. ಕ್ವಾರ್ಟರ್‌ಬ್ಯಾಕ್ ಆಗಿ ಜೂಲಿಯನ್ ಸೇಯಿನ್ ಶುರುವಿನಿಂದ ಆಡುತ್ತಾನೆ ಅಂತ ನಿನ್ನೆ ಹೇಳಿದರು. ಅವನಿಗೆ ಮೊದಲ ಪರೀಕ್ಷೆಯೇ 30ನೇ ತಾರೀಕು ಟೆಕ್ಸಸ್ ಮೇಲೆ. ಆದರೂ ರಿಸೀವರ್ ಜೆರಮಾಯ ಸ್ಮಿತ್ ಇದ್ದಾನಲ್ಲ. ಮೊದಲ ವರ್ಷದಲ್ಲೇ 1,315 ಯಾರ್ಡ್, 15 ಟಚ್‌ಡೌನ್. ಚೆಂಡನ್ನು ಅವನ ಕಡೆಗೆ ಎಸೆದರೆ ಸಾಕು, ಉಳಿದದ್ದು ಅವನು ನೋಡಿಕೊಳ್ಳುತ್ತಾನೆ. ಹಿಂದೆ ಕಾಯೋಕೆ ಕೇಲಬ್ ಡೌನ್ಸ್.

ಇನ್ನೊಂದು ನೆನಪಿಸುತ್ತೇನೆ. ಕಳೆದ ವರ್ಷ ನಾವು ನಿಮ್ಮನ್ನೂ ಸೋಲಿಸಿದೆವು, ಇಂಡಿಯಾನಾವನ್ನೂ ಸೋಲಿಸಿದೆವು. ಆದರೂ ಇಂಡಿಯಾನಾಪೊಲಿಸ್‌ನ ಬಿಗ್ ಟೆನ್ ಫೈನಲ್‌ಗೆ ಹೋಗಿದ್ದು ನೀವು ಮತ್ತು ಆರೆಗಾನ್. ಆರೆಗಾನ್ ಮೇಲೆ ಒಂದು ಪಾಯಿಂಟಿಗೆ, ಮಿಷಿಗನ್ ಮೇಲೆ 13-10ಕ್ಕೆ ಸೋತೆವು, ಅಷ್ಟಕ್ಕೇ ನಾಲ್ಕನೇ ಸ್ಥಾನ. ಈಗ ಲೀಗಿನೊಳಗೆ ಗುಂಪು (ಡಿವಿಷನ್) ಇಲ್ಲ, 18 ತಂಡ, ಒಬ್ಬೊಬ್ಬರಿಗೆ ಒಂಬತ್ತೇ ಆಟ. ಯಾರು ದೊಡ್ಡವರು ಅನ್ನೋದಕ್ಕಿಂತ ಯಾರ ಪಾಲಿಗೆ ಯಾರು ಬಂದರು ಅನ್ನೋದೇ ಮುಖ್ಯ.

ಮಿಷಿಗನ್ ಅಂದೆನಲ್ಲ. ಆ ವಾರ ಇಲ್ಲಿ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಎಂ ಅಕ್ಷರ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೆಂಪು ಟೇಪಿನಿಂದ ಕಾಟು ಹಾಕುತ್ತಾರೆ. ಕಳೆದ ವರ್ಷ ಆಟ ಮುಗಿದು ಸೋಮವಾರ ಹೋದಾಗ ಒಂದು ಬೋರ್ಡಿನಲ್ಲಿ ಟೇಪು ಅರ್ಧ ಕಿತ್ತು ಗಾಳಿಗೆ ಪಟಪಟ ಅನ್ನುತ್ತಿತ್ತು. ನಾಲ್ಕನೇ ಸಲ ಸತತ ಸೋಲು. ಚಾಂಪಿಯನ್ ಆದಮೇಲೂ ಆ ನೋವು ಹೋಗಿಲ್ಲ. ಇಲ್ಲಿನವರನ್ನು ಕೇಳಿದರೆ ಬಿಗ್ ಟೆನ್ ಆಮೇಲೆ, ಮೊದಲು ನವೆಂಬರ್ 29ರ ಮಿಷಿಗನ್ ಆಟ ಅನ್ನುತ್ತಾರೆ.

ನನ್ನ ಪಟ್ಟಿ: ಓಹಾಯೋ ಸ್ಟೇಟ್, ಪೆನ್ ಸ್ಟೇಟ್, ಆರೆಗಾನ್.

ಕುಂದಾಪ್ರ ಮಾಣಿ, ಬ್ಲೂಮಿಂಗ್ಟನ್
20 ಆಗಸ್ಟ್

ಮಾರಾಯ್ರೆ, ಇಂಡಿಯಾನಾವನ್ನು ಆರಕ್ಕೆ ಹಾಕಿದ್ದೀರಿ! ಅಕ್ಕನ ಪಟ್ಟಿಯಲ್ಲಂತೂ ಹೆಸರೇ ಇಲ್ಲ.

ಕಳೆದ ವರ್ಷ ಸೀಸನ್ ಮುಂಚೆ ಪತ್ರಕರ್ತರು ಇಂಡಿಯಾನಾವನ್ನು 18ರಲ್ಲಿ 17ನೇ ಜಾಗಕ್ಕೆ ಹಾಕಿದ್ದರು. ಆಗಿದ್ದೇನು? 11 ಗೆಲುವು, 1 ಸೋಲು, ನೇರ ಪ್ಲೇಆಫ್‌ಗೆ. ನೋಟರ್ ಡೇಮ್ ಮೇಲೆ 27-17ಕ್ಕೆ ಸೋತೆವು, ಒಪ್ಪಿದೆ. ಹಾಗಾಗಿ ಸೀಸನ್ ಮುಂಚಿನ ಪಟ್ಟಿ ನೋಡುವಾಗ ನನಗೆ ಮೊದಲು ಆ 17 ನೆನಪಾಗುತ್ತದೆ.

ಈ ಊರು ಬ್ಯಾಸ್ಕೆಟ್‌ಬಾಲ್ ಊರು. ಫುಟ್‌ಬಾಲ್‌ನಲ್ಲಿ ಇಂಡಿಯಾನಾ ಬಿಗ್ ಟೆನ್ ಪಟ್ಟ ಹಂಚಿಕೊಂಡದ್ದು 1967ರಲ್ಲಿ, ಆಮೇಲೆ ಇಲ್ಲ. ನಾನು ಪಿಎಚ್‌ಡಿಗೆ ಬಂದ ಮೊದಲ ವರ್ಷ ಲ್ಯಾಬಿನವರು ಟಿಕೆಟ್ ಸುಮ್ನೆ ಕೊಟ್ಟರೂ ನಾನು ಹೋಗಿರಲಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ಅದೇ ಲ್ಯಾಬಿನಲ್ಲಿ ಟಿಕೆಟ್ ಯಾರ ಹತ್ತಿರ ಇದೆ ಅಂತ ಹುಡುಕಾಟ.

ಕೋಚ್ ಕರ್ಟ್ ಸಿಗ್ನೆಟ್ಟಿ ಬಂದು ಮಾಡಿದ್ದು ಒಂದು ಕೆಲಸ. ಹಿಂದೆ ಇದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ತಾವೇ ತಯಾರು ಮಾಡಿದ ಹುಡುಗರನ್ನು ಜೊತೆಗೆ ಕರೆದುಕೊಂಡು ಬಂದರು. ಏಡನ್ ಫಿಷರ್, ಮೈಕೇಲ್ ಕಮಾರಾ, ಡಿಆಂಜೆಲೊ ಪಾಂಡ್ಸ್, ಎಲೈಜಾ ಸರಾಟ್. ನಾಲ್ವರೂ ಈ ವರ್ಷವೂ ಇದ್ದಾರೆ. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಕ್ಯಾಲ್‌ನಿಂದ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಫರ್ನಾಂಡೋ ಮೆಂಡೋಜಾ. ಅಲ್ಲಿ ಮುಂದೆ ನಿಂತು ಕಾಯುವ ಲೈನ್ ಸರಿಯಿಲ್ಲದೆ ತುಂಬಾ ಹೊಡೆತ ತಿಂದ ಹುಡುಗ, ಆದರೂ ಎದ್ದು ಎಸೆಯುತ್ತಿದ್ದ. ಇವನ ಮೇಲೆ ನನಗೆ ಬಹಳ ಭರವಸೆ.

ಕಷ್ಟ ಇರೋದು ಹೊರಗಿನ ಆಟಗಳಲ್ಲಿ: ಅಯೋವಾ, ಆರೆಗಾನ್, ಪೆನ್ ಸ್ಟೇಟ್. ಮೂರರಲ್ಲಿ ಒಂದು ಗೆದ್ದರೂ ನಾವು ನಾಲ್ಕರೊಳಗೆ. ಸೆಪ್ಟೆಂಬರ್ 20ಕ್ಕೆ ಇಲಿನಾಯ್ ಇಲ್ಲಿಗೇ ಬರುತ್ತದೆ. ಕಳೆದ ವರ್ಷ ಅವರು 10 ಗೆದ್ದರು, ಅನುಭವದ ತಂಡ, ಆದರೆ ಇಲ್ಲಿ ಗೆಲ್ಲೋದಿಲ್ಲ.

ಆನ್ ಆರ್ಬರ್‌ನಿಂದ
20 ಆಗಸ್ಟ್

ಮಿಷಿಗನ್ ಪಾಲಿಗೆ ಈ ವರ್ಷ ಆರೆಗಾನ್ ಇಲ್ಲ, ಪೆನ್ ಸ್ಟೇಟ್ ಇಲ್ಲ, ಇಂಡಿಯಾನಾ ಇಲ್ಲ, ಇಲಿನಾಯ್ ಕೂಡ ಇಲ್ಲ. ಯಾರೂ ಇದನ್ನು ಹೇಳಲಿಲ್ಲವಲ್ಲ? ಬ್ರೈಸ್ ಅಂಡರ್‌ವುಡ್ ಪಕ್ಕದ ಬೆಲ್‌ವಿಲ್‌ನವನು, ಹೈಸ್ಕೂಲ್ ಮುಗಿಸಿ ಈಗಷ್ಟೇ ಬಂದಿದ್ದಾನೆ. ಅವನನ್ನೇ ಆಡಿಸುತ್ತಾರೆ ಅಂತ ನನ್ನ ನಂಬಿಕೆ. ಹೊಸಬ, ತಪ್ಪು ಮಾಡುತ್ತಾನೆ, ಆದರೆ ನವೆಂಬರ್ ಹೊತ್ತಿಗೆ ಪಳಗಿರುತ್ತಾನೆ. 29ಕ್ಕೆ ಆಟ ನಮ್ಮೂರಲ್ಲಿ. ಕೊಲಂಬಸ್ ಅಕ್ಕ, ಬರೋದಾದರೆ ಮನೆಗೆ ಬನ್ನಿ, ಊಟ ನಮ್ಮಲ್ಲೇ.

ಮಳೆಯೂರಿನವ, ಹಿಲ್ಸ್‌ಬರೊ
21 ಆಗಸ್ಟ್

ಹಾಸನದವರೇ, ಆರೆಗಾನ್ ಕಳೆದ ವರ್ಷ ನಿಮ್ಮನ್ನೇ 45-37ಕ್ಕೆ ಸೋಲಿಸಿ ಬಿಗ್ ಟೆನ್ ಗೆದ್ದಿತು. ಬಂದ ಮೊದಲ ವರ್ಷದಲ್ಲೇ. ಆಮೇಲೆ ಪ್ಲೇಆಫ್‌ನ ರೋಸ್ ಬೌಲ್ ಆಟದಲ್ಲಿ ಅಕ್ಕನ ತಂಡ 41-21ಕ್ಕೆ ನಮ್ಮನ್ನು ಮುಗಿಸಿತು, ಅದು ಇನ್ನೂ ಗಂಟಲಲ್ಲೇ ಇದೆ.

ನಮ್ಮ ಹತ್ತು ಜನ ಡ್ರಾಫ್ಟಿಗೆ ಹೋದರು. ಡಿಲನ್ ಗೇಬ್ರಿಯಲ್ ಜಾಗಕ್ಕೆ ಡಾಂಟೆ ಮೂರ್. ಇವನು 2023ರಲ್ಲಿ ಯುಸಿಎಲ್‌ಎಯಲ್ಲಿ ಮೊದಲ ವರ್ಷದಲ್ಲೇ ಆಡಿ ಪೆಟ್ಟು ತಿಂದವನು. ಕಳೆದ ವರ್ಷ ಇಲ್ಲಿ ಸುಮ್ಮನೆ ಕೂತು ಕಲಿತ. ಹೀಗೆ ಕಾದು ಕೂರುವ ಹುಡುಗರು ಈಗ ಕಡಿಮೆ, ಅದಕ್ಕೇ ನನಗೆ ಅವನು ಇಷ್ಟ. ನಮಗೆ ಈ ಸಲ ಓಹಾಯೋ ಸ್ಟೇಟೂ ಇಲ್ಲ, ಮಿಷಿಗನ್ನೂ ಇಲ್ಲ.

ಎಲ್ಲ ನಿಂತಿರೋದು ಸೆಪ್ಟೆಂಬರ್ 27ಕ್ಕೆ ನಿಮ್ಮ ಜೊತೆಗಿನ ಆಟದ ಮೇಲೆ. ಅದರ ಹಿಂದಿನ ಶನಿವಾರ ನಿಮಗೆ ರಜೆ. ನಮಗೆ ಆರೆಗಾನ್ ಸ್ಟೇಟ್ ಜೊತೆ ಆಟ, ಆಮೇಲೆ ಇಡೀ ದೇಶ ದಾಟಿ ನಿಮ್ಮ ವೈಟ್ ಔಟ್‌ಗೆ, ಅದೇ ಸ್ಟೇಡಿಯಂ ಪೂರ್ತಿ ಬಿಳಿ ಬಟ್ಟೆ ಹಾಕುವ ಆಟಕ್ಕೆ. ಅದು ನಿಮಗೆ ಅನುಕೂಲ. ಆದರೆ ಅದಕ್ಕೂ ಮುಂಚೆ ನಿಮ್ಮ ಮೂರು ಆಟ ನೋಡಿ: ನೆವಾಡಾ, ಎಫ್‌ಐಯು, ವಿಲನೋವಾ. ಮೂರೂ ಸುಲಭ. ಹೊಸ ರಿಸೀವರ್‌ಗಳು ನಿಜವಾಗಿ ಕೆಲಸಕ್ಕೆ ಬರುತ್ತಾರಾ ಇಲ್ಲವಾ ಅಂತ ನಿಮಗೆ ಗೊತ್ತಾಗೋದೇ ನಮ್ಮ ಎದುರಿಗೆ. ಅದು ಅಪಾಯ. ಮತ್ತೆ ಮುಂದಿನ ಶನಿವಾರವೇ ನೀವು ಲಾಸ್ ಏಂಜಲೀಸ್‌ಗೆ ಹಾರಬೇಕು. ದೊಡ್ಡ ಆಟದ ಮಾರನೇ ವಾರದ ದೂರ ಪ್ರಯಾಣ ಎಂಥದು ಅಂತ ನಾವು ಪಶ್ಚಿಮದವರು ಬಲ್ಲೆವು. ಮೈ ಅಲ್ಲಿರುತ್ತದೆ, ಕಾಲು ಇಲ್ಲಿರುತ್ತದೆ.

ನನ್ನ ಪಟ್ಟಿ: ಆರೆಗಾನ್, ಓಹಾಯೋ ಸ್ಟೇಟ್, ಪೆನ್ ಸ್ಟೇಟ್. 27ಕ್ಕೆ ನಾನು ಬರುತ್ತಿದ್ದೇನೆ, ಟಿಕೆಟ್ ಆಗಿದೆ.

ಹಾಸನದವ, ಪಿಟ್ಸ್‌ಬರ್ಗ್
21 ಆಗಸ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಆರೂ ತಂಡಗಳ ವೇಳಾಪಟ್ಟಿ ಒಂದೇ ಹಾಳೆಯಲ್ಲಿ ಬರೆದುಕೊಂಡೆ. ಯಾರ ಜೊತೆ, ಯಾವ ಊರಲ್ಲಿ, ಹಿಂದಿನ ವಾರ ರಜೆ ಇದೆಯಾ ಇಲ್ಲವಾ, ಎಲ್ಲ. ಬರೆದಾಗ ಕಂಡಿದ್ದು ಇದು.

ಮಾಣಿ ಹೇಳಿದ್ದು ಸರಿ, ಇಂಡಿಯಾನಾವನ್ನು ನಾಲ್ಕಕ್ಕೆ ಏರಿಸಿದೆ. ನವೆಂಬರ್ 8ಕ್ಕೆ ಅವರು ನಮ್ಮಲ್ಲಿಗೆ ಬರುವ ಹೊತ್ತಿಗೆ ನಾವು ಕೊಲಂಬಸ್‌ನಲ್ಲಿ ಆಡಿ ಒಂದೇ ವಾರ ಆಗಿರುತ್ತದೆ. ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಮಿಷಿಗನ್ ಐದು. ಆನ್ ಆರ್ಬರ್‌ನವರು ತೋರಿಸಿದ ಹಾಗೆ ದಾರಿ ಸುಲಭ ಇದೆ, ಆದರೆ ಹೊರಗೆ ಓಕ್ಲಹೋಮಾ, ನೆಬ್ರಾಸ್ಕಾ, ಯುಎಸ್‌ಸಿ ಮೂರೂ ಹದಿನೆಂಟರ ಹುಡುಗನಿಗೆ ಜಾಸ್ತಿ ಆಯಿತು. ಇಲಿನಾಯ್ ಆರು.

ಮೇಲಿನ ಮೂರು ಬದಲಿಸಲ್ಲ. ಅಕ್ಕ, ನವೆಂಬರ್ 1ಕ್ಕೆ ನಾವು ಕೊಲಂಬಸ್‌ನಲ್ಲಿ ಸೋಲಬಹುದು ಅಂತ ನಾನೂ ಬರೆದುಕೊಂಡಿದ್ದೇನೆ. ಆದರೆ ಉಳಿದ ಎಂಟೂ ಗೆದ್ದರೆ ಡಿಸೆಂಬರ್ 6ಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ನಿಮ್ಮ ಎದುರೇ ನಿಲ್ಲುತ್ತೇವೆ. ಅಲ್ಲಿ ಗೆಲ್ಲುತ್ತೇವೆ ಅಂತ ನನ್ನ ಮಾತು. ಆಲರ್ ಆರೆಂಜ್ ಬೌಲ್‌ನಲ್ಲಿ ಕೊನೆಯ ನಿಮಿಷದಲ್ಲಿ ಎಸೆದ ಚೆಂಡು ನೋಟರ್ ಡೇಮ್ ಕೈಗೆ ಹೋಗಿ ಸೋತೆವಲ್ಲ, 27-24, ಆ ಹುಡುಗ ಅದಾದಮೇಲೂ ಉಳಿದುಕೊಂಡ. ಅದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಮಳೆಯೂರಿನವರೇ, 27ಕ್ಕೆ ಆಟ ಸಂಜೆ ಏಳೂವರೆಗೆ. ನಾವು ಪಿಟ್ಸ್‌ಬರ್ಗ್‌ನಿಂದ ಬೆಳಿಗ್ಗೆಯೇ ಹೊರಟು ಮಧ್ಯಾಹ್ನದೊಳಗೆ ಕಾರು ನಿಲ್ಲಿಸಿರುತ್ತೇವೆ. ಡಿಕ್ಕಿಗೆ ಕೆಂಪು ಹಳದಿ ಬಾವುಟ ಕಟ್ಟಿರುತ್ತೇನೆ, ಹುಡುಕೋದು ಕಷ್ಟ ಆಗಲ್ಲ. ಪುಳಿಯೋಗರೆ, ಮೊಸರನ್ನ ಇಬ್ಬರಿಗೂ ಸಾಕಾಗುವಷ್ಟು ತರುತ್ತೇನೆ. ಹಸಿರು ಅಂಗಿಯಲ್ಲೇ ಬನ್ನಿ, ಪರವಾಗಿಲ್ಲ. ಸ್ವೆಟರ್ ಮಾತ್ರ ಮರೆಯಬೇಡಿ, ಸೂರ್ಯ ಮುಳುಗಿದ ಮೇಲೆ ಆ ಬೆಂಚು ತುಂಬಾ ತಣ್ಣಗಿರುತ್ತದೆ.