‘ಲೋಹ ತಾಳುವ ಸೊಪ್ಪು’ ಅಂದರೆ ಯಾವ ಸೊಪ್ಪು?

ನಮಸ್ಕಾರ. ಸೊಪ್ಪು ಬೆಳೆಯುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿಗೆ ಕ್ಯಾಡ್ಮಿಯಂ, ಸೀಸದಂಥ ವಿಷಲೋಹ ಸೇರುವ ವಿಷಯ. ಬೆಂಗಳೂರಿನ ಕೊಳಚೆ ಹೊತ್ತು ವೃಷಭಾವತಿ ಹರಿಯುವ ಬೈರಮಂಗಲದ ಕಡೆಯವರಿಗೆ ಇದು ಹೊಸ ಮಾತೇನಲ್ಲ.

ಮೂಲದಲ್ಲಿ ‘ಟಾಲರೆಂಟ್’ ಅನ್ನೋ ಪದ ಮತ್ತೆ ಮತ್ತೆ ಬರುತ್ತದೆ. ‘ಲೋಹಸಹಿಷ್ಣು’ ಅಂತ ಬರೆದರೆ ಯಾರೂ ಮುಂದೆ ಓದಲ್ಲ. ‘ನಿರೋಧಕ ತಳಿ’ ಅಂದರೆ ಅಪಾಯ. ರೋಗ ನಿರೋಧಕ ತಳಿಗೆ ರೋಗ ತಗಲದ ಹಾಗೆ ಇದಕ್ಕೆ ಲೋಹ ಸೇರುವುದೇ ಇಲ್ಲ ಅಂತ ತಿಳಿದುಕೊಳ್ಳುತ್ತಾರೆ. ‘ತಾಳುವ’ ಪರವಾಗಿಲ್ಲ, ಬರ ತಾಳುವ ತಳಿ ಅಂತ ಎಲ್ಲರೂ ಅನ್ನುತ್ತಾರೆ.

ಆದರೆ ಗಿಡ ಲೋಹವನ್ನು ತಾಳುವುದಕ್ಕೆ ಎರಡು ದಾರಿ ಇವೆ. ತಿನ್ನುವವರ ಪಾಲಿಗೆ ಅವು ತದ್ವಿರುದ್ಧ. 1981ರಲ್ಲೇ ಸಸ್ಯವಿಜ್ಞಾನಿ ಎ. ಜೆ. ಎಂ. ಬೇಕರ್ ‘ಎಕ್ಸ್‌ಕ್ಲೂಡರ್’ (ಲೋಹ ಮೇಲೇರದಂತೆ ತಡೆಯುವುದು), ‘ಅಕ್ಯುಮುಲೇಟರ್’ (ಒಳಗೆ ತುಂಬಿಕೊಳ್ಳುವುದು) ಅಂತ ಇವನ್ನು ಬೇರೆ ಮಾಡಿ ಬರೆದಿದ್ದರು.

ಸೀಸ ಹೆಚ್ಚಾಗಿ ಬೇರಲ್ಲೇ ನಿಲ್ಲುತ್ತದೆ. ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಅನ್ನೋ ಅಂಟಿನಂಥ ವಸ್ತುವಿಗೆ ಅಂಟಿಕೊಂಡು ಮೇಲೇರುವುದಿಲ್ಲ. ರಸ್ತೆ ಬದಿಯ ಸೊಪ್ಪಿನ ಮೇಲಿರುವ ಸೀಸ ಎಷ್ಟೋ ಸಲ ಬರೀ ಧೂಳು. ತೊಳೆದರೆ ಒಂದಷ್ಟು ಹೋಗುತ್ತೆ.

ಕ್ಯಾಡ್ಮಿಯಂ ಹಾಗಲ್ಲ. ಸತು, ಕಬ್ಬಿಣ ಒಳಬರುವ ದಾರಿಯಲ್ಲೇ ನುಸುಳಿ ಎಲೆ ತನಕ ಹೋಗುತ್ತದೆ. ಗಿಡ ಆಗ ಗಂಧಕವಿರುವ ಫೈಟೋಕೆಲಟಿನ್ ಅನ್ನೋ ಪುಟ್ಟ ಪೆಪ್ಟೈಡ್ (ಪ್ರೋಟೀನಿನ ತುಣುಕಿನಂಥದ್ದು) ತಯಾರಿಸಿ ಅದನ್ನು ಹಿಡಿದು, ಜೀವಕೋಶದ ರಸದಾನಿಯೊಳಗೆ (ವ್ಯಾಕ್ಯುವೋಲ್, ರಸ ತುಂಬಿದ ಚೀಲ) ನೂಕಿಬಿಡುತ್ತದೆ. ಗಿಡಕ್ಕೆ ಅಲ್ಲಿಗೆ ತೊಂದರೆ ತಪ್ಪಿತು. ಎಲೆ ಹಚ್ಚಗೆ ಇರುತ್ತದೆ, ಮಾರ್ಕೆಟ್ಟಿನಲ್ಲಿ ಕಟ್ಟು ಚೆನ್ನಾಗೇ ಹೋಗುತ್ತದೆ. ಲೋಹ ಮಾತ್ರ ಎಲೆಯೊಳಗೇ ಇರುತ್ತದೆ, ಎಷ್ಟು ತೊಳೆದರೂ ಹೋಗಲ್ಲ. ಹೀಗೆ ಕ್ಯಾಡ್ಮಿಯಂ ತುಂಬಿಕೊಳ್ಳುತ್ತೆ ಅನ್ನೋ ಹೆಸರು ಪಾಲಕ್‌ಗಂತೂ ಜಾಸ್ತಿ. ಸೊಪ್ಪಿನಲ್ಲಿ ಕ್ಯಾಡ್ಮಿಯಂ ಕಿಲೋಗೆ 0.2 ಮಿಲಿಗ್ರಾಂ ಮೀರಬಾರದು ಅಂತ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಇದೆ. ಅದನ್ನು ದಾಟಿದ ಗಿಡವೂ ನೋಡೋಕೆ ನಳನಳಿಸುತ್ತಿರಬಹುದು.

ಹಾಗಾಗಿ ಎರಡಕ್ಕೂ ಸುಮ್ನೆ ‘ತಾಳುವ’ ಅಂತ ಬರೆಯೋಕೆ ಮನಸ್ಸಿಲ್ಲ. ಸದ್ಯಕ್ಕೆ ‘ಬೇರಲ್ಲೇ ತಡೆಯುವ’, ‘ಎಲೆಗೆ ತುಂಬಿಕೊಳ್ಳುವ’ ಅಂತ ಇಟ್ಟುಕೊಂಡಿದ್ದೇನೆ. ಉದ್ದವಾಯಿತು, ನಿಜ. ‘ಲೋಹಸಂಚಯಿ’ ಚಿಕ್ಕದು, ಆದರೆ ಸೊಪ್ಪಿನ ಮಡಿಯಲ್ಲಿ ನಿಂತು ಯಾರು ಹಾಗೆ ಮಾತಾಡುತ್ತಾರೆ?

ಇನ್ನೊಂದು ಪದವೂ ಕೂತಿಲ್ಲ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಕ್ಯಾಡ್ಮಿಯಂ ಮಣ್ಣಲ್ಲೇ ಉಳಿಯುತ್ತದೆ, ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಈ ‘ಬೇರಿಗೆ ಸಿಗುವ ಪಾಲು’ ಅನ್ನುವುದಕ್ಕೆ ‘ಲಭ್ಯ’ ಅಂತ ಬರೆದರೆ ಅಂಗಡಿಯಲ್ಲಿ ಗೊಬ್ಬರ ಲಭ್ಯ ಅಂದ ಹಾಗಿದೆ. ‘ದಕ್ಕುವ’ ಅಂದರೆ ಏನೋ ಲಾಭ ಆದ ಹಾಗೆ ಕೇಳುತ್ತದೆ, ಅಲ್ವಾ? ಕೋಲಾರ, ಮಂಡ್ಯದ ಕಡೆ ಬೇರು ಗೊಬ್ಬರ ತೆಗೆದುಕೊಳ್ಳುವುದಕ್ಕೆ ಏನಂತೀರಿ? ಎಳೆಯುತ್ತೆ, ಹೀರುತ್ತೆ, ಹಿಡಿಯುತ್ತೆ? ನಿಮ್ಮೂರಲ್ಲಿ ಬಾಯಿಗೆ ಬರುವ ಮಾತನ್ನೇ ಬರೆಯಿರಿ.